ಶಿವರಾತ್ರಿಗೆ ಮಡಿ ಕಟ್ಟಿ, ಯುಗಾದಿಗೆ ಸೊಪ್ಪು ಕೊಯ್ಯಿರಿ

ತರಕಾರಿ ಬೆಳೆಯಲು ಸುತ್ತ ಅಂಚು ಕಟ್ಟಿ, ನೆಲಕ್ಕಿಂತ ಎತ್ತರಕ್ಕೆ ಮಣ್ಣು ತುಂಬಿದ ಏರುಮಡಿ (ರೈಸ್ಡ್ ಬೆಡ್) ಕಟ್ಟುವುದು ಹೇಗೆ ಅಂತ ಯೂಟ್ಯೂಬಿನಲ್ಲಿ ಹುಡುಕಿದರೆ ಸೊಂಟದೆತ್ತರದ ಮರದ ಪೆಟ್ಟಿಗೆಗಳು ಕಾಣುತ್ತವೆ. ನೋಡಲು ಚೆಂದ. ಆದರೆ ಅವು ಹಿಮ ಬೀಳುವ ಊರಿನವು. ಅಲ್ಲಿ ಚಳಿಗಾಲ ಮುಗಿದರೂ ನೆಲ ತಣ್ಣಗೇ ಇರುತ್ತದೆ. ಮಣ್ಣನ್ನು ಎತ್ತರಿಸಿದರೆ ಬೇಗ ಬಿಸಿಯಾಗುತ್ತದೆ ಎಂಬುದು ಅವರ ಲೆಕ್ಕ. ಬೆಂಗಳೂರಿನಲ್ಲಿ ಬಿಸಿಗೇನು ಬರ? ಫೆಬ್ರವರಿ ಕೊನೆಗೇ ಬಿಸಿಲು ಚುರುಕಾಗುತ್ತದೆ, ಏಪ್ರಿಲ್‌ನಲ್ಲಿ 35 ಡಿಗ್ರಿ ಆಸುಪಾಸು. ಎತ್ತರದ ಮಡಿ ನೋಡನೋಡುತ್ತಲೇ ಒಣಗುತ್ತದೆ. ನಮ್ಮ ಮಡಿ ಗಿಡ್ಡಗಿರಬೇಕು, ಅಗಲವಾಗಿರಬೇಕು, ಮೇಲೆ ದಪ್ಪ ಹೊದಿಕೆ ಇರಬೇಕು.

ಹಾಗಾದರೆ ಮಡಿ ಯಾಕೆ, ನೆಲಕ್ಕೇ ಬಿತ್ತಬಾರದಾ? ನೆಲ ಚೆನ್ನಾಗಿದ್ದರೆ ಧಾರಾಳವಾಗಿ ಬಿತ್ತಿ. ಆದರೆ ನಗರದ ಸೈಟಿನಲ್ಲಿ ಮನೆ ಕಟ್ಟಿದ ಮೇಲೆ ಉಳಿಯುವುದು ಸಿಮೆಂಟು, ಜಲ್ಲಿ, ಟೈಲ್ಸ್ ಚೂರು ಬೆರೆತ ಮಣ್ಣು. ಅದನ್ನು ಸರಿಮಾಡುವುದಕ್ಕಿಂತ ಅದರ ಮೇಲೆ ಹೊಸ ಮಣ್ಣು ಹಾಕುವುದು ಸಲೀಸು. ಜೂನ್ ಮಳೆಯಲ್ಲಿ ಬುಡದಲ್ಲಿ ನೀರು ನಿಲ್ಲುವ ಕಾಟವೂ ತಪ್ಪುತ್ತದೆ.

ಜಾಗ, ಅಳತೆ

ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಜಾಗ ಹುಡುಕಿ. ಬೆಳಗಿನ ಬಿಸಿಲು ಸಿಕ್ಕಿ, ಮೂರರ ನಂತರ ಗೋಡೆಯ ನೆರಳು ಬಂದರೆ ಅದಕ್ಕಿಂತ ಒಳ್ಳೆಯದಿಲ್ಲ.

ಅಗಲ ನಾಲ್ಕು ಅಡಿ ದಾಟದಿರಲಿ. ಎರಡೂ ಬದಿಯಿಂದ ಕೈ ಚಾಚಿದರೆ ನಡು ಸಿಗಬೇಕು. ಮಣ್ಣಿನ ಮೇಲೆ ಕಾಲಿಟ್ಟರೆ ಅದು ಗಟ್ಟಿಯಾಗುತ್ತದೆ, ಮಾಡಿದ್ದೆಲ್ಲ ದಂಡ. ಕಾಂಪೌಂಡಿಗೆ ಒರಗಿಸಿ ಕಟ್ಟುವುದಾದರೆ ಎರಡೂವರೆ ಅಡಿ ಸಾಕು. ಉದ್ದ ನಿಮ್ಮಿಷ್ಟ. ಇಲ್ಲಿ ಎಂಟು ಅಡಿ ಎಂದಿಟ್ಟುಕೊಳ್ಳೋಣ.

ಅಂಚಿಗೆ ಹಲಗೆ ಬೇಡ, ಗೆದ್ದಲು ಬಿಡುವುದಿಲ್ಲ. ಸಿಮೆಂಟಿನ ಸಾಲಿಡ್ ಬ್ಲಾಕ್ ಒಳ್ಳೆಯದು. 16 ಇಂಚು ಉದ್ದ, 8 ಇಂಚು ಎತ್ತರದ್ದು ಎಲ್ಲಾ ಕಡೆ ಸಿಗುತ್ತದೆ. 8×4 ಅಡಿ ಮಡಿಗೆ ಒಂದೇ ವರಸೆ, ಇಪ್ಪತ್ತು ಬ್ಲಾಕ್ ಸಾಕು. ಗಾರೆ ಬೇಡ, ಸುಮ್ನೆ ಸಾಲಾಗಿ ಜೋಡಿಸಿ. ಅದಕ್ಕೂ ಮುಂಚೆ ಕೆಳಗಿನ ನೆಲವನ್ನು ಅರ್ಧ ಅಡಿ ಅಗೆದು ಸಡಿಲ ಮಾಡಿ, ದೊಡ್ಡ ಚೂರುಗಳನ್ನು ಆರಿಸಿ ಹಾಕಿ. ಈ ಅಗೆತ ತಪ್ಪಿಸಬೇಡಿ. ಬೇರು ಕೆಳಗಿಳಿದರೆ ಮಾತ್ರ ಗಿಡ ಏಪ್ರಿಲ್ ದಾಟುತ್ತದೆ.

ಇದು ನೆಲದ ಮೇಲಿನ ಮಡಿ. ಇದನ್ನೇ ತಾರಸಿಯ ಮೇಲೆ ಕಟ್ಟಲು ಹೋಗಬೇಡಿ. ಇದಕ್ಕೆ ಸುಮಾರು 600 ಲೀಟರ್ ಮಣ್ಣು ಹಿಡಿಯುತ್ತದೆ, ಒದ್ದೆಯಾದಾಗ ಮುಕ್ಕಾಲು ಟನ್ನಿಗೂ ಜಾಸ್ತಿ ತೂಗುತ್ತದೆ.

ಮಣ್ಣು

ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ, ಒಂದು ಪಾಲು ಎಲೆ ಗೊಬ್ಬರ ಅಥವಾ ಕೋಕೋಪೀಟ್ (ತೆಂಗಿನ ನಾರಿನ ಪುಡಿ). ಕೆಂಪು ಮಣ್ಣೊಂದನ್ನೇ ತುಂಬಿದರೆ ನಾಲ್ಕು ಸಲ ನೀರು ಹಾಕುವಷ್ಟರಲ್ಲಿ ಗಟ್ಟಿ ಕೂರುತ್ತದೆ. ಕೋಕೋಪೀಟಿನ ಐದು ಕೆ.ಜಿ. ಇಟ್ಟಿಗೆ ನೀರು ಕುಡಿದು 60–70 ಲೀಟರ್ ಆಗುತ್ತದೆ. ಬಳಸುವ ಮುಂಚೆ ಒಂದೆರಡು ಸಲ ನೆನೆಸಿ, ನೀರು ಚೆಲ್ಲಿ. ಅದರಲ್ಲಿ ಉಪ್ಪಿನಂಶ ಇರುತ್ತದೆ.

ಗೊಬ್ಬರ ಪೂರ್ತಿ ಕಳಿತಿರಬೇಕು. ಕೈಯಲ್ಲಿ ಹಿಡಿದರೆ ಸಗಣಿ ವಾಸನೆ ಬರಬಾರದು, ಮಳೆ ಬಿದ್ದ ನೆಲದ ವಾಸನೆ ಬರಬೇಕು. ಹಸಿ ಗೊಬ್ಬರದ ಜೊತೆ ಗೊಣ್ಣೆ ಹುಳು ಬರುತ್ತದೆ, ಬೇರು ತಿನ್ನುತ್ತದೆ. ಮುನ್ನೆಚ್ಚರಿಕೆಗೆ ಒಂದು ಕೆ.ಜಿ. ಬೇವಿನ ಹಿಂಡಿ ಬೆರೆಸಿ. ಮಡಿ ತುಂಬಿ, ನೀರು ಹಾಕಿ, ಒಂದು ವಾರ ಹಾಗೇ ಬಿಡಿ. ಮಣ್ಣು ಇಳಿಯುತ್ತದೆ, ಇಳಿದಷ್ಟು ಮತ್ತೆ ತುಂಬಿ.

ಏನು ಬಿತ್ತಬೇಕು

ಎಲ್ಲರೂ ಮೊದಲು ಕೇಳುವುದು ಟೊಮೆಟೊ. ಬೇಸಿಗೆಯಲ್ಲಿ ಹೊಸಬರಿಗೆ ಅದು ಬೇಡ ಎಂಬುದು ನನ್ನ ಮಾತು. ಬಿಸಿಲು ಹೆಚ್ಚಾದರೆ ಹೂ ಉದುರುತ್ತದೆ, ಬಿಳಿ ನೊಣ ಎಲೆ ಮುದುರು ರೋಗ ತರುತ್ತದೆ. ಹಟ ಇದ್ದವರು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಹಾಕಿ ನೋಡಬಹುದು. ಎಲೆ ಮುದುರು ಸೇರಿ ಮೂರು ರೋಗ ತಡೆದುಕೊಳ್ಳಲೆಂದೇ ಮಾಡಿದ ಹೈಬ್ರಿಡ್ ಅದು. ಉಳಿದವರಿಗೆ ಬೆಂಡೆ, ಅಲಸಂದೆ, ಹರಿವೆ, ಹೀರೆ. ನಾಲ್ಕೂ ಬಿಸಿಲಿಗೆ ಹುಟ್ಟಿದವು.

ಹೀರೆಯ ಚಪ್ಪರ ಎಲ್ಲಿ ಕಟ್ಟುತ್ತೀರಿ ಎಂಬುದು ಮುಖ್ಯ. ಗಿಡಗಳಿಗೆ ನೆರಳು ಬೀಳದಂತೆ ಉತ್ತರದ ಅಂಚಿನಲ್ಲಿ ಕಟ್ಟಿ ಎನ್ನುತ್ತಾರೆ ಹೊರದೇಶದವರು. ಅಲ್ಲಿ ಸೂರ್ಯ ಸದಾ ದಕ್ಷಿಣಕ್ಕೆ ವಾಲಿರುತ್ತಾನೆ. ನಮ್ಮಲ್ಲಿ ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನ ನೆತ್ತಿಯ ಮೇಲೇ ಇರುತ್ತಾನೆ, ನೆಟ್ಟಗೆ ನಿಂತ ಕಂಬಕ್ಕೂ ನೆರಳಿರುವುದಿಲ್ಲ. ಸುಡುವುದು ಪಶ್ಚಿಮದ ಇಳಿಬಿಸಿಲು. ಹಾಗಾಗಿ ಚಪ್ಪರ ಪಶ್ಚಿಮದ ಅಂಚಿಗೆ ಬರಲಿ. ಬಳ್ಳಿ ಹಬ್ಬಿದ ಮೇಲೆ ಸಂಜೆಯ ಹೊತ್ತು ಉಳಿದ ಗಿಡಗಳಿಗೆ ಅದೇ ಪರದೆ.

ಬೆಂಡೆ ಬೀಜ ರಾತ್ರಿ ನೆನೆಸಿ, ಬೆಳಿಗ್ಗೆ ಒಂದು ಬೆರಳ ಗೆಣ್ಣಿನಷ್ಟು ಆಳಕ್ಕೆ ಊರಿ. ಗಿಡದಿಂದ ಗಿಡಕ್ಕೆ ಒಂದಡಿ, ಸಾಲಿನಿಂದ ಸಾಲಿಗೆ ಒಂದೂವರೆ ಅಡಿ. ‘ಅರ್ಕಾ ಅನಾಮಿಕ’ ಹಳದಿ ನಂಜು ರೋಗ ತಡೆಯಲೆಂದು ಬೆಳೆಸಿದ ತಳಿ. ಆದರೂ ಎಲೆಯ ನರ ಹಳದಿ ಕಂಡರೆ ಆ ಗಿಡ ಕಿತ್ತುಬಿಡಿ, ಕನಿಕರ ಬೇಡ. 45–50 ದಿನಕ್ಕೆ ಕಾಯಿ ಶುರು. ಹೂ ಬಿಟ್ಟು ವಾರದೊಳಗೆ ಕೊಯ್ಯಬೇಕು, ಇಲ್ಲದಿದ್ದರೆ ನಾರು.

ಹರಿವೆ ಬೀಜ ತೀರಾ ಸಣ್ಣದು. ಮರಳಿನ ಜೊತೆ ಬೆರೆಸಿ ಚೆಲ್ಲಿ, ಮೇಲೆ ತೆಳುವಾಗಿ ಮಣ್ಣು ಉದುರಿಸಿ. ಮಾರನೇ ದಿನ ಇರುವೆಗಳು ಬೀಜ ಹೊತ್ತೊಯ್ಯುವುದು ಕಾಣಿಸಿದರೆ ಮಡಿಯ ಅಂಚಿಗೆ ಒಂದು ಹಿಡಿ ಅಕ್ಕಿ ನುಚ್ಚು ಹಾಕಿ. ಅವುಗಳ ಗಮನ ಆ ಕಡೆ ಹೋಗುತ್ತದೆ. 25–30 ದಿನಕ್ಕೆ ಮೊದಲ ಕೊಯ್ಲು. ಶಿವರಾತ್ರಿಗೂ ಯುಗಾದಿಗೂ ನಡುವೆ ಇರುವುದು ಹೆಚ್ಚುಕಡಿಮೆ ಅಷ್ಟೇ ದಿನ. ಬೇರು ಸಮೇತ ಕೀಳದೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ.

ಹೀರೆಯಲ್ಲಿ ಮೊದಲು ಗಂಡು ಹೂ ಮಾತ್ರ ಬರುತ್ತದೆ. ಕಾಯಿ ಕಚ್ಚಲಿಲ್ಲ ಅಂತ ಆಗಲೇ ಬೇಜಾರಾಗಬೇಡಿ. ಹೂ ಅರಳುವುದು ಸಂಜೆ. ಆ ಹೊತ್ತಿಗೆ ಗಂಡು ಹೂ ಕಿತ್ತು, ಬುಡದಲ್ಲಿ ಪುಟ್ಟ ಕಾಯಿ ಇರುವ ಹೆಣ್ಣು ಹೂವಿನ ನಡುವಿಗೆ ಸವರಿ.

ನೀರು, ಹೊದಿಕೆ

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದದ್ದು ನೆನಪಿರಬೇಕಲ್ಲ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರಿಗೆ ಒಂದು ಬಕೆಟ್ ಇಡಿ. ವಾಷಿಂಗ್ ಮೆಷಿನ್ನಿನ ನೀರು ಸೊಪ್ಪಿಗೆ ಬೇಡ. ಆರ್‌ಒ ಹೊರಹಾಕುವ ನೀರಿನಲ್ಲಿ ಲವಣ ಜಾಸ್ತಿ. ದಿನಾ ಅದನ್ನೇ ಸುರಿಯಬೇಡಿ, ಬೇರೆ ನೀರಿಗೆ ಬೆರೆಸಿ ಹಾಕಿ.

ಅದಕ್ಕಿಂತ ಮುಖ್ಯ, ಹೊದಿಕೆ. ಸಸಿ ನಾಲ್ಕೆಲೆ ಬಿಟ್ಟ ಮೇಲೆ ಸುತ್ತ ಎರಡು ಮೂರು ಇಂಚು ಒಣ ಎಲೆ ಹರಡಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಈ ತಿಂಗಳುಗಳಲ್ಲಿ ಹೊಂಗೆ ಮರಗಳು ಬೀದಿ ತುಂಬ ಎಲೆ ಉದುರಿಸುತ್ತವೆ. ಯಾರಾದರೂ ಗುಡಿಸಿ ಬೆಂಕಿ ಹಚ್ಚುವ ಮುಂಚೆ ಚೀಲ ಹಿಡಿದು ಹೋಗಿ. ನೀರು ಬೆಳಿಗ್ಗೆಯೇ ಹಾಕಿ. ಹಾಕುವ ಮುಂಚೆ ಎಲೆ ಸರಿಸಿ ಬೆರಳು ಚುಚ್ಚಿ ನೋಡಿ. ಎರಡಿಂಚು ಕೆಳಗೆ ತೇವ ಇದ್ದರೆ ಅವತ್ತು ನೀರಿಗೆ ರಜೆ.

ಏಪ್ರಿಲ್‌ನಲ್ಲಿ ಗಾಳಿ ಸಮೇತ ಮಳೆ ಬರುತ್ತದೆ, ಕೆಲವೊಮ್ಮೆ ಆಲಿಕಲ್ಲು ಕೂಡ. ಅಷ್ಟರಲ್ಲಿ ಬೆಂಡೆಗೆ ಊರುಗೋಲು ಕೊಟ್ಟಿರಿ.

ಬೆಂಡೆ ಚೆನ್ನಾಗಿ ಬಂದರೆ ರೋಗವಿಲ್ಲದ ಒಂದು ಗಿಡದಲ್ಲಿ ಎರಡು ಕಾಯಿ ಕೊಯ್ಯದೆ ಬಿಡಿ. ಗಿಡದಲ್ಲೇ ಒಣಗಿ ಸೀಳಲು ಶುರುವಾದಾಗ ಬಿಡಿಸಿಕೊಂಡು ಕಾಗದದಲ್ಲಿ ಕಟ್ಟಿಡಿ. ಅನಾಮಿಕ ಹೈಬ್ರಿಡ್ ಅಲ್ಲ, ಮುಂದಿನ ವರ್ಷಕ್ಕೆ ಬಿತ್ತನೆಗೆ ಆಗುತ್ತದೆ. ಹೈಬ್ರಿಡ್‌ನ ಬೀಜದಲ್ಲಿ ತಾಯಿಗಿಡದ ಗುಣ ಹಾಗೇ ಉಳಿಯುವುದಿಲ್ಲ, ಹಾಗಾಗಿ ರಕ್ಷಕ್ ಟೊಮೆಟೊ ಹಾಕಿದವರು ಮಾತ್ರ ಬೀಜವನ್ನು ಮತ್ತೆ ಕೊಳ್ಳಲೇಬೇಕು.