ಬಾಲ್ಡ್ ಈಗಲ್ ಫೋಟೋಗೆ ಗಾಳಿ ಬೆನ್ನಿಗಿರಲಿ

ಅಮೆರಿಕದ ಐಡಾಹೋ ರಾಜ್ಯದ ಕೋರ್ ಡಲೇನ್ ಲೇಕ್‌ಗೆ ನವೆಂಬರ್-ಡಿಸೆಂಬರಲ್ಲಿ ಬಾಲ್ಡ್ ಈಗಲ್ (ಬಿಳಿ ತಲೆಯ ದೊಡ್ಡ ಹದ್ದು) ನೋಡೋಕೆ ಹೋಗೋರು ಗಾಳಿ ನಿಮ್ಮ ಬೆನ್ನಿಗೆ ಬೀಸೋ ಹಾಗೆ ನಿಂತ್ಕೊಳ್ಳಿ, ಮುಖ ಕಾಣೋ ಫೋಟೋ ಜಾಸ್ತಿ ಸಿಗುತ್ತೆ. ಅಷ್ಟು ಭಾರದ ಹಕ್ಕಿ ಏಳೋದೂ ಕೂರೋದೂ ಹೆಚ್ಚಾಗಿ ಗಾಳಿಗೆ ಎದುರಾಗೇ, ಎದುರುಗಾಳಿ ರೆಕ್ಕೆನ ಮೇಲಕ್ಕೆತ್ತುತ್ತೆ, ಆಗ ಅದರ ಮುಖ ನಿಮ್ಮ ಕಡೆಗಿರುತ್ತೆ, ಕೊಕನೀ ಮೀನು ಎತ್ತೋಕೆ ನೀರಿಗೆ ಇಳಿಯೋವಾಗ್ಲೂ ಸುಮಾರಾಗಿ ಹಾಗೇ. ಕೊಂಬೆ ಮೇಲಿದ್ದಾಗ ಮುಂದಕ್ಕೆ ಬಾಗಿ ಬಾಲ ಎತ್ತಿ ಹಿಕ್ಕೆ ಹಾಕ್ತು ಅಂದ್ರೆ ಶಟರ್ ಮೇಲೆ ಬೆರಳಿಟ್ಟು ರೆಡಿ ಇರಿ, ಎಷ್ಟೋ ಸಲ ಮರುಕ್ಷಣವೇ ಹಾರುತ್ತೆ (ಫೋಟೋದಲ್ಲಿ ಬಿಳಿ ತಲೆ ಬರೀ ಬಿಳಿ ಮಚ್ಚೆ ಆಗದಿರೋಕೆ ಎಕ್ಸ್‌ಪೋಷರ್, ಅಂದ್ರೆ ಕ್ಯಾಮೆರಾ ತಗೊಳ್ಳೋ ಬೆಳಕು, ಸ್ವಲ್ಪ ಕಮ್ಮಿ ಮಾಡ್ಕೊಂಡಿರಿ). ಗಾಳಿನೇ ಇಲ್ಲದ ದಿನ ಇದು ನಡೆಯಲ್ಲ, ದೋಣಿಗೋ ಜನಕ್ಕೋ ಬೆಚ್ಚಿ ಎದ್ರೂ ಅಷ್ಟೇ, ಯಾವ ಕಡೆಗಾದ್ರೂ ಹೋಗ್ಬಿಡುತ್ತೆ, ಅದಕ್ಕೇ ದಯವಿಟ್ಟು ಹತ್ರ ಹೋಗಿ ಎಬ್ಬಿಸ್ಬೇಡಿ, ಉದ್ದ ಲೆನ್ಸ್ ಹಾಕಿ ದೂರದಿಂದ್ಲೇ ಕಾಯಿರಿ.