ಹಿತ್ತಲ ಮಣ್ಣಿನಲ್ಲಿ ಸೀಸ ಇದೆಯೇ? ಮಾದರಿ ತೆಗೆಯುವುದು ಹೀಗೆ

ಪರೀಕ್ಷೆಗೆ ಮಣ್ಣು ಕೊಡಿ ಅಂದರೆ ಬಹಳ ಜನ ಮಾಡುವುದು ಒಂದೇ. ಗೇಟಿನ ಪಕ್ಕ ಬಗ್ಗಿ ಒಂದು ಹಿಡಿ ಕೆರೆದು, ಖಾಲಿ ಹಾಲಿನ ಪಾಕೀಟಿಗೆ ತುಂಬಿ, ರಬ್ಬರ್ ಬ್ಯಾಂಡ್ ಹಾಕಿ ಪ್ರಯೋಗಾಲಯಕ್ಕೆ ಒಯ್ಯುತ್ತಾರೆ. ಬಂದ ಅಂಕಿ ನೋಡಿ ಒಬ್ಬರು ಕೈತೋಟವನ್ನೇ ಕಿತ್ತು ಹಾಕುತ್ತಾರೆ, ಇನ್ನೊಬ್ಬರು ನಿಶ್ಚಿಂತೆಯಿಂದ ಪಾಲಕ ಬಿತ್ತುತ್ತಾರೆ. ಆದರೆ ಆ ಅಂಕಿ ಗೇಟಿನ ಪಕ್ಕದ ಹಿಡಿಮಣ್ಣಿನದು, ತೋಟದ್ದಲ್ಲ.

ಹುಬ್ಬಳ್ಳಿ-ಧಾರವಾಡದಲ್ಲಿ ಗ್ಯಾರೇಜು, ಬ್ಯಾಟರಿ ಅಂಗಡಿ, ವೆಲ್ಡಿಂಗ್ ಶೆಡ್ಡು ಮನೆಗಳ ನಡುವೆಯೇ ಇವೆ. ಸೀಸ ಬೆರೆಸಿದ ಪೆಟ್ರೋಲ್ ದೇಶದಲ್ಲಿ 2000ದಲ್ಲೇ ನಿಂತಿತು, ನಿಜ. ಆದರೆ ಸೀಸ ಕೊಳೆಯುವುದಿಲ್ಲ, ಮಳೆಗೆ ಕೆಳಗೆ ಇಳಿಯುವುದೂ ಕಡಿಮೆ. ಹಳೇ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯ ಅಂಚಿಗೆ ಅಂದು ಬಿದ್ದದ್ದು ಇಂದೂ ಮೇಲ್ಮಣ್ಣಿನಲ್ಲೇ ಇರಬಹುದು.

1. ಜಾಗದ ಚರಿತ್ರೆ ಕೇಳಿ. ಮನೆಯ ಹಿರಿಯರನ್ನೋ ಪಕ್ಕದವರನ್ನೋ ಕೇಳಿದರೆ ಸಾಕು. ಇಲ್ಲಿ ಮೊದಲು ಬ್ಯಾಟರಿ ಒಡೆಯುತ್ತಿದ್ದರಾ? ತಾಮ್ರಕ್ಕಾಗಿ ವೈರ್ ಸುಡುತ್ತಿದ್ದರಾ? ಹಳೇ ಬಾಗಿಲು-ಕಿಟಕಿಯ ಬಣ್ಣ ಕೆರೆದು ಅಲ್ಲೇ ಸುರಿದಿದ್ದರಾ? ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಅಂದರೆ ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ದಾಟಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಬಣ್ಣದ ಚಕ್ಕೆಯನ್ನು ನಾನಂತೂ ನಂಬುವುದಿಲ್ಲ.

2. ಸಾಮಾನು. ಸ್ಟೀಲ್ ಕುರ್ಪಿ, ಪ್ಲಾಸ್ಟಿಕ್ ಬಕೆಟ್, ಹೊಸ ಪ್ಲಾಸ್ಟಿಕ್ ಚೀಲ, ಪೆನ್ಸಿಲ್. ತಗಡಿನ ಬಕೆಟ್ ಬೇಡ, ಅದಕ್ಕೆ ಸತುವಿನ ಲೇಪ ಇರುತ್ತದೆ. ಬಣ್ಣ ಬಳಿದ ಸಲಿಕೆಯೂ ಬೇಡ.

3. ಮಾದರಿ ತೆಗೆಯುವುದು. ಎಲ್ಲರೂ ಎಡವುವುದು ಇಲ್ಲೇ. ಮೊದಲು ಹಿತ್ತಲನ್ನು ಮನಸ್ಸಿನಲ್ಲೇ ಪಾಲು ಮಾಡಿ. ಸೊಪ್ಪು ಬೆಳೆಯುವ ಮಡಿ ಒಂದು. ಸೂರಿನ ನೀರು ಬೀಳುವ ಗೋಡೆ ಬುಡ ಇನ್ನೊಂದು. ರಸ್ತೆ ಕಡೆಯ ಪಟ್ಟಿ ಮತ್ತೊಂದು. ಮಕ್ಕಳು ಆಡುವ ಜಾಗ ಬೇರೆಯೇ. ಇವನ್ನು ಒಂದೇ ಬಕೆಟ್ಟಿನಲ್ಲಿ ಬೆರೆಸಿದರೆ ಗೋಡೆ ಬುಡದ ಸೀಸ ಮಡಿಯ ಮಣ್ಣಿನಲ್ಲಿ ಕರಗಿ, ಎಲ್ಲೂ ತೊಂದರೆಯಿಲ್ಲ ಅನ್ನಿಸುವ ಅಂಕಿ ಬರುತ್ತದೆ. ಒಂದೇ ಪರೀಕ್ಷೆಗೆ ದುಡ್ಡಿದ್ದರೆ ಮಕ್ಕಳು ಆಡುವ ಜಾಗದ್ದನ್ನು ಕೊಡಿ. ಮಕ್ಕಳಿಲ್ಲದ ಮನೆಯಾದರೆ ಸೊಪ್ಪಿನ ಮಡಿಯದ್ದು.

ಪ್ರತಿ ಪಾಲಿನಲ್ಲೂ ಹಾವಿನ ನಡೆಯಂತೆ ಅಂಕುಡೊಂಕಾಗಿ ನಡೆಯುತ್ತ ಎಂಟು-ಹತ್ತು ಕಡೆ ಮಣ್ಣು ತೆಗೆಯಿರಿ. ಮೇಲಿನ ಕಸ, ಒಣ ಎಲೆ ಸರಿಸಿ. ಆದರೆ ಮೇಲ್ಮಣ್ಣನ್ನು ಕೆರೆದು ಎಸೆಯಬೇಡಿ, ಸೀಸ ಕೂರುವುದೇ ಅಲ್ಲಿ. ತರಕಾರಿ ಮಡಿಯಲ್ಲಿ ಒಂದು ಗೇಣಿಗಿಂತ ತುಸು ಕಡಿಮೆ, ಅಂದರೆ 15 ಸೆಂಟಿಮೀಟರ್ ಆಳಕ್ಕೆ ಇಳಿಜಾರಾಗಿ ಗುಳಿ ತೋಡಿ. ಆ ಮಣ್ಣು ಪಕ್ಕಕ್ಕಿಡಿ. ಗುಳಿಯ ಒಂದು ಬದಿಯಿಂದ ಮೇಲಿಂದ ಕೆಳಗಿನವರೆಗೆ ಬೆರಳು ದಪ್ಪದ ಹೋಳು ಕೊಯ್ದು ಬಕೆಟ್ಟಿಗೆ ಹಾಕಿ. ಹೋಳು ಮೇಲೆ-ಕೆಳಗೆ ಒಂದೇ ದಪ್ಪ ಇರಲಿ. ಮಕ್ಕಳು ಆಡುವ ಕಡೆ ಅಷ್ಟು ಆಳ ಬೇಡ, ಮೇಲಿನ ಎರಡು-ಮೂರು ಸೆಂಟಿಮೀಟರ್ ಸಾಕು. ಅವರ ಕೈಗೆ, ಬಾಯಿಗೆ ಹೋಗುವುದು ಆ ಹುಡಿಯೇ.

ಎರೆ (ಕಪ್ಪು) ಮಣ್ಣಿನವರಿಗೆ ಇನ್ನೆರಡು ಮಾತು. ಬೇಸಿಗೆಯಲ್ಲಿ ಬಿರುಕು ಬಿಟ್ಟಿರುತ್ತದಲ್ವಾ, ಆ ಬಿರುಕಿನ ಬಾಯಲ್ಲಿ ಮಣ್ಣು ತೆಗೆಯಬೇಡಿ. ಮೇಲಿನ ಹುಡಿಯೆಲ್ಲ ಒಳಗೆ ಜಾರಿ ಬಿದ್ದಿರುತ್ತದೆ. ಮಳೆಗಾಲದಲ್ಲಿ ಕುರ್ಪಿಗೆ ಅಂಟಿ, ಬೆರೆಸಲು ಬಾರದ ಮುದ್ದೆಯಾಗುತ್ತದೆ. ಒಣಗಿಸಿ ನೋಡೋಣ ಅಂತ ಬಿಟ್ಟರೆ ಕಲ್ಲು. ಅರೆ ಹಸಿ ಇದ್ದಾಗಲೇ ಹೆಂಟೆಗಳನ್ನು ಕೈಯಿಂದ ಚಿವುಟಿ ಕಡಲೆ ಕಾಳಿನಷ್ಟು ಸಣ್ಣದು ಮಾಡಿಕೊಳ್ಳಿ. ಧಾರವಾಡದ ಮಸಾರಿ (ಕೆಂಪು) ಮಣ್ಣಿನವರಿಗೆ ಈ ಕಷ್ಟವಿಲ್ಲ.

ಈಗ ಬೆರೆಸಿದ ಮಣ್ಣನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ದುಂಡಗೆ ಹರಡಿ ನಾಲ್ಕು ಪಾಲು ಮಾಡಿ. ಎದುರುಬದುರಿನ ಎರಡು ಪಾಲು ತೆಗೆದುಹಾಕಿ, ಉಳಿದವನ್ನು ಮತ್ತೆ ಬೆರೆಸಿ. ಅರ್ಧ ಕಿಲೋ ಉಳಿಯುವ ತನಕ ಹೀಗೇ. ಬೇಸರ ಬಂದು ಮೇಲಿನಿಂದ ಒಂದು ಬೊಗಸೆ ತೆಗೆದರೆ ದಪ್ಪ ಕಾಳೇ ಜಾಸ್ತಿ ಬರುತ್ತದೆ, ಸೀಸ ಹಿಡಿದ ಸಣ್ಣ ಹುಡಿ ತಳದಲ್ಲೇ ಉಳಿಯುತ್ತದೆ.

4. ಒಣಗಿಸಿ, ಕಟ್ಟಿ. ನೆರಳಲ್ಲಿ ಒಣಗಿಸಿ, ಲಟ್ಟಣಿಗೆಯಿಂದ ಪುಡಿ ಮಾಡಿ, ಚೀಲಕ್ಕೆ ತುಂಬಿ ಜಾಗ-ಆಳ-ತಾರೀಖು ಬರೆದ ಚೀಟಿ ಹಾಕಿ. ಲಟ್ಟಣಿಗೆಯನ್ನು ಮತ್ತೆ ರೊಟ್ಟಿಗೆ ಬಳಸಬೇಡಿ. ಮಿಕ್ಸಿಗಂತೂ ಹಾಕಲೇಬೇಡಿ. ಹಿತ್ತಾಳೆ ಜರಡಿಯೂ ಬೇಡ.

5. ಪ್ರಯೋಗಾಲಯದಲ್ಲಿ ಏನು ಕೇಳಬೇಕು? ಮಣ್ಣು ಆರೋಗ್ಯ ಕಾರ್ಡಿನ ಪರೀಕ್ಷೆ ಸಾಲದು. ಅದರಲ್ಲಿ ಸಾರಜನಕ, ರಂಜಕ, ಪೊಟ್ಯಾಶ್, ಸತು, ಪಿಎಚ್ ಹೀಗೆ 12 ಅಂಶ ಇರುತ್ತವೆ, ಸೀಸ ಇರುವುದಿಲ್ಲ. 'ಒಟ್ಟು ಸೀಸ, ಒಟ್ಟು ಕ್ಯಾಡ್ಮಿಯಂ (ಇನ್ನೊಂದು ವಿಷಲೋಹ) ಬೇಕು, ಆಮ್ಲದಲ್ಲಿ ಕರಗಿಸಿ ನೋಡಬೇಕು' ಅಂತ ಬಾಯಿಬಿಟ್ಟು ಹೇಳಿ. ಡಿಟಿಪಿಎ ಎಂಬ ರಾಸಾಯನಿಕದ ದ್ರಾವಣದಿಂದ ಮಣ್ಣಿನ ಅಂಶ ಸೆಳೆದು ನೋಡುವ ವಿಧಾನದಲ್ಲಿ ಗಿಡ ಹೀರುವಷ್ಟು ಭಾಗದ ಅಂದಾಜು ಮಾತ್ರ ಸಿಗುತ್ತದೆ. ಮಗು ನುಂಗುವುದು ಇಡೀ ಮಣ್ಣನ್ನು. ಕೃಷಿ ವಿಶ್ವವಿದ್ಯಾಲಯಕ್ಕಾಗಲಿ ಖಾಸಗಿ ಪ್ರಯೋಗಾಲಯಕ್ಕಾಗಲಿ ಹೋಗುವ ಮುಂಚೆ ಈ ಪರೀಕ್ಷೆ ಮಾಡುತ್ತಾರಾ ಅಂತ ಫೋನ್ ಮಾಡಿ ಕೇಳಿ. ಮಣ್ಣಿಗೆ ಚುಚ್ಚುವ ಆನ್‌ಲೈನ್ ಮೀಟರುಗಳಿಗೆ ಸೀಸದ ಗಂಧಗಾಳಿಯೂ ಇಲ್ಲ, ದುಡ್ಡು ದಂಡ.

6. ವರದಿ ಬಂದ ಮೇಲೆ. ಪಿಪಿಎಂ ಅಂದರೆ ಒಂದು ಕಿಲೋ ಮಣ್ಣಿನಲ್ಲಿ ಅಷ್ಟು ಮಿಲಿಗ್ರಾಂ. ಸಾಮಾನ್ಯ ಮಣ್ಣಿನಲ್ಲಿ ಸೀಸ 10ರಿಂದ 50ರ ಆಸುಪಾಸು ಇರುತ್ತದೆ. ಮನೆ ಅಂಗಳದ ಮಣ್ಣಿಗೆ ಅಮೆರಿಕದ ಪರಿಸರ ಸಂಸ್ಥೆ ಇಟ್ಟಿದ್ದ 400ರ ಎಚ್ಚರಿಕೆ ಮಟ್ಟ 2024ರಲ್ಲಿ 200ಕ್ಕೆ ಇಳಿಯಿತು. ನಿಮ್ಮದು 200 ದಾಟಿದ್ದರೆ ಆ ಜಾಗದಲ್ಲಿ ರಾಜಗಿರಿ, ಮೆಂತ್ಯ, ಪಾಲಕ, ಮೂಲಂಗಿ, ಗಜ್ಜರಿ ಬೆಳೆಯಬೇಡಿ. ಬದನೆ, ಟೊಮೆಟೊ, ಹೀರೆಯ ಕಾಯಿಗೆ ಸೀಸ ಏರುವುದು ಬಹಳ ಕಡಿಮೆ. ಸೊಪ್ಪು ಬೇಕೇ ಬೇಕು ಅನ್ನುವವರು ಇಟ್ಟಿಗೆ ಕಟ್ಟಿ, ಹೊಸ ಮಣ್ಣು ತುಂಬಿ ಎತ್ತರದ ಮಡಿ ಮಾಡಿಕೊಳ್ಳಿ. ಖಾಲಿ ನೆಲಕ್ಕೆ ಹುಲ್ಲು ಹೊದಿಸಿ, ಹುಡಿ ಏಳಬಾರದು. ಸೊಪ್ಪನ್ನು ಮೂರ್ನಾಲ್ಕು ನೀರಿನಲ್ಲಿ ತೊಳೆಯಿರಿ. ಬೇರು ಹೀರುವುದಕ್ಕಿಂತ ಎಲೆಗೆ ಅಂಟಿದ ಮಣ್ಣಿನಿಂದಲೇ ಸೀಸ ಹೆಚ್ಚು ಹೊಟ್ಟೆಗೆ ಹೋಗುತ್ತದೆ.

ಸುಣ್ಣ ಹಾಕಿದರೆ ಸೀಸ ಕಟ್ಟಿಕೊಳ್ಳುತ್ತದೆ ಅನ್ನುವ ಸಲಹೆ ಹುಳಿ ಮಣ್ಣಿಗೆ ಸರಿ. ನಮ್ಮ ಎರೆಯಲ್ಲಿ ಸುಣ್ಣದ ಹರಳು ಮೊದಲೇ ಇವೆ, ಮತ್ತೆ ಹಾಕಿದರೆ ಗಿಡಕ್ಕೆ ಕಬ್ಬಿಣ, ಸತು ಸಿಗದೆ ಎಲೆ ಹಳದಿಯಾದೀತು. ಗೊಬ್ಬರ ಹಾಕಿ, ಅದು ಸೀಸವನ್ನು ಹಿಡಿದಿಡುತ್ತದೆ. ನಗರದ ಕಸದ ಗೊಬ್ಬರ ಕೊಳ್ಳುವುದಾದರೆ ಪರೀಕ್ಷಾ ವರದಿ ಕೇಳಿ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಅದರಲ್ಲಿ ಸೀಸ 100 ಪಿಪಿಎಂ ಮೀರುವಂತಿಲ್ಲ. ಸೂರ್ಯಕಾಂತಿ ಬೆಳೆದು ಸೀಸ ತೆಗೆಯುತ್ತೇವೆ ಅನ್ನುವವರಿಗೆ ದಶಕಗಳ ತಾಳ್ಮೆ ಬೇಕು. ಕಿತ್ತ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಿದರೆ ತೆಗೆದ ಅಷ್ಟೋ ಇಷ್ಟೋ ಸೀಸವೂ ಮತ್ತೆ ಮಡಿಗೇ ಬರುತ್ತದೆ.