ವೀಲ್‌ಚೇರ್ ಬಂತು, ಬೇರಿಂಗ್ ಬರಲಿಲ್ಲ

ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದಿ, ಮಾಲ್ಡೀವ್ಸ್‌ನ ಉತ್ತರದ ಒಂದು ಅಟಾಲ್ ಆಸ್ಪತ್ರೆಗೆ ಕೆಲಸಕ್ಕೆ ಹೋದೆ. ಅಟಾಲ್ ಅಂದರೆ ಹವಳದ ದ್ವೀಪಗಳ ಗುಂಪು. ಮೊದಲ ವಾರವೇ ಸ್ಟೋರ್ ರೂಮಿನ ಬಾಗಿಲು ತೆಗೆದರೆ ಒಳಗೆ 11 ವೀಲ್‌ಚೇರ್. ಪರವಾಗಿಲ್ಲ, ಸಾಮಾನಿಗೆ ಕೊರತೆ ಇಲ್ಲ ಅಂದುಕೊಂಡೆ. ಹೊರಗೆ ಎಳೆದಾಗ ಗೊತ್ತಾಯಿತು, ಒಂದೂ ನೆಟ್ಟಗೆ ಉರುಳುತ್ತಿರಲಿಲ್ಲ.

ಉಪ್ಪುಗಾಳಿ, ಮರಳು. ಮುಂದೆ ಎರಡು ಚಿಕ್ಕ ಗಾಲಿ ಇರುತ್ತವಲ್ಲ, ಅವುಗಳ ಬೇರಿಂಗ್ ತುಕ್ಕು ಹಿಡಿದು ಕೂತಿದ್ದವು. ಫ್ರೇಮು, ಸೀಟು, ದೊಡ್ಡ ಗಾಲಿ ಎಲ್ಲ ಗಟ್ಟಿಮುಟ್ಟು. ಬೆರಳ ತುದಿಯಷ್ಟಿನ ಒಂದು ಬೇರಿಂಗ್‌ಗಾಗಿ ಇಡೀ ಕುರ್ಚಿ ಮೂಲೆ ಸೇರಿತ್ತು.

ದೇಶದಲ್ಲಿ ದ್ವೀಪಗಳು ಸುಮಾರು 1,200, ಜನ ಇರುವವು 190ರ ಆಸುಪಾಸು. ಜನಸಂಖ್ಯೆ 5 ಲಕ್ಷ ಚಿಲ್ಲರೆ, ಹೆಚ್ಚುಕಡಿಮೆ ಮಂಗಳೂರು ನಗರದಷ್ಟೇ. ಆದರೆ ಆ ಮಂಗಳೂರನ್ನು ಸಮುದ್ರದ ಮೇಲೆ ಚೆಲ್ಲಿದ ಹಾಗೆ. ಸಾಮಾನು ಬಹುತೇಕ ಮೊದಲು ರಾಜಧಾನಿ ಮಾಲೆಗೆ, ಅಲ್ಲಿಂದ ದೋಣಿಗೆ. (ಅವರ ಧಿವೇಹಿ ಭಾಷೆಯಲ್ಲೂ ದೋಣಿಗೆ ದೋಣಿ ಅಂತಲೇ ಅನ್ನುತ್ತಾರೆ. ಮೊದಲ ದಿನ ಕೇಳಿ ಎಷ್ಟು ಖುಷಿಯಾಯಿತೋ!) ಡಬ್ಬದ ಮೇಲೆ ಮಾರ್ಕರ್‌ನಲ್ಲಿ ಹೆಸರು, ದ್ವೀಪ, ಫೋನ್ ನಂಬರ್ ಬರೆದು ಕೊಟ್ಟರೆ ಆಯಿತು. ಅಕ್ಕಿ, ಸಿಮೆಂಟು, ಫ್ರಿಜ್ಜಿನ ಜೊತೆ ನಮ್ಮದೂ ಬಂದಿಳಿಯುತ್ತದೆ. ಮಳೆಗಾಲದ ಗಾಳಿ ಎದ್ದಾಗ ತಡವಾಗುವುದು ಬಿಟ್ಟರೆ ದೋಣಿ ಕೈಕೊಡುವುದು ಕಡಿಮೆ.

ಕೈಕೊಡುತ್ತಿದ್ದದ್ದು ನಮ್ಮ ಇಂಡೆಂಟ್, ಅಂದರೆ ಬೇಕಾದ ಸಾಮಾನಿನ ಬೇಡಿಕೆ ಪಟ್ಟಿ. ಹಳೆಯ ಫೈಲು ತೆಗೆದು ನೋಡಿದೆ. "ವೀಲ್‌ಚೇರ್ 5, ಊರುಗೋಲು 10 ಜೊತೆ." ಅಷ್ಟೇ. ಯಾರಿಗೆ, ಯಾವ ಅಳತೆ, ಏನೂ ಇಲ್ಲ. ಬಂದದ್ದೆಲ್ಲ 18 ಇಂಚು ಸೀಟಿನ ದೊಡ್ಡವರ ಕುರ್ಚಿ. 9 ವರ್ಷದ ಹುಡುಗನೊಬ್ಬ ಅದರಲ್ಲಿ ಎರಡೂ ಕಡೆ ದಿಂಬು ತುರುಕಿಕೊಂಡು ಕೂರುತ್ತಿದ್ದ.

ಪಕ್ಕದ ದ್ವೀಪದಲ್ಲಿ ಒಬ್ಬರು ವಯಸ್ಸಾದ ಹೆಂಗಸು, ಎಲ್ಲರೂ ದಾತ್ತ, ಅಂದರೆ ಅಕ್ಕ ಅನ್ನುತ್ತಿದ್ದರು. ಅವರ ಕುರ್ಚಿ ನಿಂತು ನಾಲ್ಕು ತಿಂಗಳಾಗಿತ್ತು. ಬೆಳಿಗ್ಗೆ ಅಂಗಳದ ಜೋಲಿಯಲ್ಲಿ ಕೂರಿಸಿದರೆ ಸಂಜೆವರೆಗೆ ಅಲ್ಲೇ. ಜೋಲಿ ಅಂದರೆ ನಮ್ಮ ಬಟ್ಟೆ ತೊಟ್ಟಿಲಲ್ಲ, ಕಬ್ಬಿಣದ ಪೈಪಿಗೆ ಹಗ್ಗದ ಬಲೆ ಬಿಗಿದ ಆಸನ. ನಾನು ಗಾಲಿ ಬಿಚ್ಚಿ ಅಳತೆ ತೆಗೆಯುತ್ತಿದ್ದೆ. ಒಳಗೆ 8 ಮಿಲಿಮೀಟರ್, ಹೊರಗೆ 22, ದಪ್ಪ 7. ಅಂದರೆ 608 ನಂಬರಿನ ಬೇರಿಂಗ್. ಅದು 2017. ಪಕ್ಕದಲ್ಲೇ ಅವರ ಮೊಮ್ಮಗ ಬೆರಳ ಮೇಲೆ ಫಿಡ್ಜೆಟ್ ಸ್ಪಿನ್ನರ್ ಅನ್ನುವ ಆಟಿಕೆ ತಿರುಗಿಸುತ್ತ ನಿಂತಿದ್ದ. ಅದರ ನಡುವೆ ಇರುವುದೂ 608! ಅವನನ್ನು ಪುಸಲಾಯಿಸಿ, ಅವನ ಗೆಳೆಯರನ್ನೂ ಕರೆಸಿ, ನಾಲ್ಕು ಸ್ಪಿನ್ನರ್ ಬಿಚ್ಚಿದೆವು. ಗಾಲಿಗೆ ಎರಡರಂತೆ ಸರಿಹೋಯಿತು. ದಾತ್ತ ಗೇಟಿನವರೆಗೆ ತಾವೇ ತಳ್ಳಿಕೊಂಡು ಹೋದರು. ಆ ಬೇರಿಂಗ್‌ನಲ್ಲಿ ಗ್ರೀಸ್ ಇರುವುದಿಲ್ಲ, ಮೂರೇ ವಾರಕ್ಕೆ ಕಿರುಗುಟ್ಟಿತು. ಆದರೂ ಏನು ತರಿಸಬೇಕು ಅನ್ನುವುದು ನನಗೆ ಖಚಿತವಾಯಿತು.

ಊರಿಗೆ ರಜೆಗೆ ಬಂದಾಗ ರಬ್ಬರ್ ಸೀಲ್ ಇರುವ 608 ಬೇರಿಂಗ್ ನೂರು ತೆಗೆದುಕೊಂಡೆ. ಎಲ್ಲ ಸೇರಿ ಒಂದು ಕಿಲೋ ಚಿಲ್ಲರೆ ತೂಕ. ಒಂದು ಹೊಸ ವೀಲ್‌ಚೇರ್ ಡಬ್ಬ ದೋಣಿಯಲ್ಲಿ ಹಿಡಿಯುವ ಜಾಗ ನೋಡಿದರೆ ಇದು ಚಟ್ನಿಪುಡಿ ಪೊಟ್ಟಣ. ಜೊತೆಗೆ ಸ್ಟೇನ್‌ಲೆಸ್ ನಟ್ಟು, ಗ್ರೀಸ್, ಊರುಗೋಲಿನ ರಬ್ಬರ್ ಬುಡ. ಈ ಬುಡದಲ್ಲಿ ಒಮ್ಮೆ ಪೆಟ್ಟು ತಿಂದೆ. ಕಣ್ಣಳತೆಯಲ್ಲಿ 22 ಮಿಲಿಮೀಟರಿನದು ತರಿಸಿದೆ, ನಮ್ಮ ಕೋಲುಗಳು 19. ಅರವತ್ತು ಬುಡ ದಂಡ. ಆಮೇಲೆ ಅಳತೆ ತೆಗೆಯುವ ವರ್ನಿಯರ್ ಕ್ಯಾಲಿಪರ್ ಜೇಬಲ್ಲೇ ಇರುತ್ತಿತ್ತು.

ಅಕ್ಕಪಕ್ಕದ ಐದು ದ್ವೀಪಗಳ ಹೆಲ್ತ್ ಸೆಂಟರಿನವರನ್ನು ಸೇರಿಸಿ ವೈಬರ್ (ವಾಟ್ಸಾಪ್‌ನಂಥದ್ದೇ) ಗುಂಪು ಮಾಡಿದೆ, ಅಲ್ಲಿ ಎಲ್ಲರೂ ವೈಬರ್. ಒಂದು ಹಾಳೆಯ ಫಾರಂ: ಸೊಂಟದ ಅಗಲ, ತೊಡೆಯ ಉದ್ದ, ಮೊಣಕಾಲಿಂದ ಹಿಮ್ಮಡಿಯವರೆಗೆ, ಮನೆ ಮುಂದೆ ಮರಳೋ ಸಿಮೆಂಟೋ. ಕುರ್ಚಿ ಒಂದೊಂದೇ ಕೇಳಿದರೆ ಸಪ್ಲೈಯರ್ ಫೋನೂ ಎತ್ತುವುದಿಲ್ಲ. 20 ಸೇರಿಸಿ, ಮೇ ತಿಂಗಳ ಗಾಳಿಗೆ ಮುಂಚೆ ಆರ್ಡರ್ ಹಾಕಿದರೆ ಮಾತಾಡುತ್ತಾರೆ.

ಕಿವಿಯ ಮಿಷನ್ನಿನ ಬ್ಯಾಟರಿಗೆ ಮಾತ್ರ ಈ ಲೆಕ್ಕ ಉಲ್ಟಾ. ಅವು ಝಿಂಕ್-ಏರ್, ಅಂದರೆ ಗಾಳಿ ತಾಗಿದರೆ ಕೆಲಸ ಶುರುಮಾಡುವಂಥವು, ಮೇಲಿನ ಸ್ಟಿಕ್ಕರ್ ಕಿತ್ತರೆ ಬಳಸಿದರೂ ಬಿಟ್ಟರೂ ಸವೆಯುತ್ತವೆ. ಸುಮ್ನೆ ಪೇರಿಸಿಟ್ಟರೂ ಆ ಸೆಕೆಗೆ ಬೇಗ ಬಡವಾಗುತ್ತವೆ. ಒಂದು ವರ್ಷದ್ದನ್ನು ಒಟ್ಟಿಗೆ ತರಿಸಿ ಅರ್ಧಕ್ಕೂ ಜಾಸ್ತಿ ಎಸೆದೆವು. ಕೊನೆಗೆ, ತಿರುವನಂತಪುರಕ್ಕೆ ಚಿಕಿತ್ಸೆಗೆ ಹೋಗುವ ಮನೆಯವರ ಕೈಗೇ ಚೀಟಿ ಕೊಡತೊಡಗಿದೆ. ಕಂದು ಸ್ಟಿಕ್ಕರಿನದು 312 ನಂಬರು, ಕಿತ್ತಳೆಯದು 13 ನಂಬರು. ಕೈಚೀಲದಲ್ಲಿ ತರುತ್ತಿದ್ದರು. ಇದಕ್ಕೆ ವ್ಯವಸ್ಥೆ ಅನ್ನಲು ನನಗೆ ನಾಚಿಕೆ, ಆದರೆ ಬ್ಯಾಟರಿ ತಪ್ಪಲಿಲ್ಲ.

ಕೃತಕ ಕಾಲಿನ ವಿಷಯದಲ್ಲಿ ನನ್ನ ಬಿಡಿಭಾಗಗಳ ಡಬ್ಬ ಏನೂ ಮಾಡಲಿಲ್ಲ. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರು ನಮ್ಮ ಅಟಾಲ್‌ನಲ್ಲೇ ಇದ್ದರು. ಸಾಕೆಟ್, ಅಂದರೆ ಉಳಿದ ಕಾಲು ಒಳಗೆ ಕೂರುವ ಬಟ್ಟಲು, ಅದನ್ನು ಕೂರಿಸಲು ಅವರೇ ದ್ವೀಪ ಬಿಟ್ಟು ಹೋಗಬೇಕು. ಮೊದಲ ತಿಂಗಳುಗಳಲ್ಲಿ ಉಳಿದ ಕಾಲಿನ ತುಂಡು ಸೊರಗುತ್ತ ಹೋಗುತ್ತದೆ, ಸಾಕೆಟ್ ಸಡಿಲವಾಗುತ್ತದೆ, ಮತ್ತೆ ಹೋಗಬೇಕು. ಇಬ್ಬರು ಎರಡನೇ ಸಲ ಹೋಗಲಿಲ್ಲ. ಅವರ ಕಾಲುಗಳು ಬಾಗಿಲ ಹಿಂದೆ ಒರಗಿದ್ದವು. ಕಾಲ್ಚೀಲ ಒಂದರ ಮೇಲೊಂದು ಹಾಕಿ ಬಿಗಿ ಮಾಡುವುದನ್ನು ಕಲಿಸಿದೆ, ಒಬ್ಬರು ಮಾತ್ರ ಮತ್ತೆ ಹಾಕಿಕೊಂಡರು.